ಕಾಳ್ಗಿಚ್ಚು ಕಟ್ಟುವ ಗುಡುಗುಮೋಡ

1991ರ ಜೂನ್ 15ರಂದು ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸಿಡಿದ ಮೇಲೆ ಜಗತ್ತಿನ ವಾಯುಮಂಡಲ ವಿಜ್ಞಾನಿಗಳೆಲ್ಲ ಆಕಾಶದತ್ತ ಕಣ್ಣು ನೆಟ್ಟು ಕೂತಿದ್ದರು. ಆಗ ಬಲು ಎತ್ತರದಲ್ಲಿ ಕಂಡ ಧೂಳಿನ ಪದರಗಳನ್ನು ಪಿನಾಟುಬೊದ ಲೆಕ್ಕಕ್ಕೇ ಬರೆದುಕೊಂಡರು. ಸುಮಾರು ಎರಡು ದಶಕಗಳ ನಂತರ ಅಮೆರಿಕದ ನೌಕಾಪಡೆಯ ಸಂಶೋಧನಾಲಯದ ಮೈಕ್ ಫ್ರಾಮ್ ಮತ್ತು ಸಂಗಡಿಗರು ಹಳೆಯ ದಾಖಲೆಗಳನ್ನು ಮತ್ತೆ ಬಿಚ್ಚಿ ನೋಡಿದಾಗ ಬೇರೆಯೇ ಕಥೆ ಹೊರಬಿತ್ತು. ಅವುಗಳಲ್ಲೊಂದು ಪದರ ಜ್ವಾಲಾಮುಖಿಯದ್ದಲ್ಲ. ಅದೇ ಜೂನ್‌ನಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಬೇ-ಕೊಮೊ ಬಳಿ ಹೊತ್ತಿ ಉರಿದ ಕಾಡಿನ ಹೊಗೆ ಅದು.

ಇಷ್ಟು ದೊಡ್ಡ ಸಂಗತಿ ಅಷ್ಟು ವರ್ಷ ಯಾರ ಕಣ್ಣಿಗೂ ಬೀಳದಿದ್ದುದಕ್ಕೆ ಕಾರಣವಿತ್ತು. ಮಳೆ, ಮೋಡ, ಬಿರುಗಾಳಿಗಳೆಲ್ಲ ನಡೆಯುವುದು ವಾಯುಮಂಡಲದ ಕೆಳಪದರದಲ್ಲಿ. ಉಷ್ಣವಲಯದಲ್ಲಿ ಅದರ ಎತ್ತರ 16-17 ಕಿಲೋಮೀಟರ್; ಕೆನಡಾದಂಥ ಉತ್ತರದ ನಾಡುಗಳಲ್ಲಿ ಹತ್ತು-ಹನ್ನೆರಡು. ಅದರಾಚೆಗಿರುವುದು ಶಾಲೆಯಲ್ಲಿ ಓದಿದ ಸಮೋಷ್ಣ ಮಂಡಲ. ಅಲ್ಲಿ ಮೇಲೆ ಹೋದಂತೆ ಗಾಳಿ ಬೆಚ್ಚಗಾಗುತ್ತದೆ. ಹಾಗಾಗಿ ಕೆಳಗಿನಿಂದ ಏರಿ ಬಂದ ಗಾಳಿಗೆ ಆ ಗಡಿ ದಾಟುವುದು ಕಷ್ಟ. ಅದನ್ನು ಸೀಳಿ ಹೋಗುವ ಬಲ ದೊಡ್ಡ ಜ್ವಾಲಾಮುಖಿಗಳಿಗೆ ಮಾತ್ರ ಉಂಟು ಎಂಬ ನಂಬಿಕೆ ಗಟ್ಟಿಯಾಗಿತ್ತು. ಕಾಡಿನ ಬೆಂಕಿಯನ್ನು ಶಂಕಿಸುವ ಯೋಚನೆಯೇ ಯಾರಿಗೂ ಬಂದಿರಲಿಲ್ಲ.

ಬೆಂಕಿಗೆ ಆ ಬಲ ಬರುವುದು ಮೋಡದಿಂದ. ವಿಸ್ತಾರವಾದ ಕಾಡು ಒಮ್ಮೆಗೇ ಉರಿದಾಗ ಕಾದ ಗಾಳಿ ಕಂಬದಂತೆ ಮೇಲೇಳುತ್ತದೆ. ಸುತ್ತಲಿನ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಏರುತ್ತ ಏರುತ್ತ ತಣ್ಣಗಾಗಿ ಅದರಲ್ಲಿನ ನೀರಾವಿ ಹನಿಗಟ್ಟುತ್ತದೆ. ಆ ನೀರಾವಿಯಲ್ಲಿ ಉರಿವ ಮರಗಳದ್ದು ಸ್ವಲ್ಪ, ಬಹುಪಾಲು ಸುತ್ತಲಿನ ಗಾಳಿಯದ್ದೇ. ಆವಿ ಹನಿಯಾಗುವಾಗ, ಹನಿ ಹೆಪ್ಪುಗಟ್ಟಿ ಹಿಮವಾಗುವಾಗ ಶಾಖ ಹೊರಬೀಳುತ್ತದೆ. ಅಲ್ಲಿಂದ ಮುಂದೆ ಮೋಡಕ್ಕೆ ನೆಲದ ಬೆಂಕಿಯೊಂದೇ ಆಸರೆಯಲ್ಲ. ತನ್ನೊಳಗಿನ ಶಾಖದಿಂದಲೇ ಅದು ಇನ್ನೂ ಮೇಲೆ ನುಗ್ಗುತ್ತದೆ. ಹೀಗೆ ಹುಟ್ಟುವ ಗುಡುಗುಮೋಡವನ್ನು ವಿಜ್ಞಾನಿಗಳು ಪೈರೊಕ್ಯುಮುಲೊನಿಂಬಸ್ ಎನ್ನುತ್ತಾರೆ. ಇಲ್ಲಿ ಬೆಂಕಿಮೋಡ ಎಂದರೆ ಸಾಕು.

ಗುಡುಗುಮೋಡ ಎಂದಮೇಲೆ ಮಳೆ ಸುರಿಸಿ ಬೆಂಕಿಯನ್ನು ತಾನೇ ಆರಿಸಬೇಕಲ್ಲವೇ? ಆಗುವುದು ತದ್ವಿರುದ್ಧ. ಹೊಗೆಯಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮ ಕಣಗಳಿರುತ್ತವೆ. ಇರುವ ನೀರು ಅಷ್ಟೂ ಕಣಗಳಿಗೆ ಹಂಚಿಹೋಗಿ ಹನಿಗಳು ತೀರ ಚಿಕ್ಕವಾಗುತ್ತವೆ, ಕೆಳಗೆ ಬೀಳುವಷ್ಟು ತೂಕ ಬರುವುದೇ ಇಲ್ಲ. ಉದುರಿದ ಅಷ್ಟಿಷ್ಟು ಹನಿಯೂ ಕೆಳಗಿನ ಒಣಗಾಳಿಯಲ್ಲಿ ಆರಿಹೋಗುತ್ತದೆ. ಮಳೆಯಲ್ಲಿ ತೊಳೆದುಹೋಗಬೇಕಿದ್ದ ಹೊಗೆ ಹಾಗೇ ಮೇಲಕ್ಕೆ ಸಾಗುತ್ತದೆ. ನೆಲಕ್ಕೆ ಇಳಿಯುವುದು ಹೆಚ್ಚಾಗಿ ಸಿಡಿಲು ಮತ್ತು ಬಿರುಗಾಳಿ.

2003ರ ಜನವರಿ 18ರಂದು ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾಕ್ಕೆ ನುಗ್ಗಿದ ಕಾಳ್ಗಿಚ್ಚು ನಾಲ್ವರ ಪ್ರಾಣ ತೆಗೆಯಿತು. ಸುಮಾರು ಐನೂರು ಮನೆಗಳೂ ಮೌಂಟ್ ಸ್ಟ್ರೊಮ್ಲೊ ಖಗೋಳ ವೀಕ್ಷಣಾಲಯವೂ ಸುಟ್ಟುಹೋದವು. ಅಂದಿನ ಬೆಂಕಿಮೋಡದಿಂದ ಮಸಿ ಮೆತ್ತಿದ ಕಪ್ಪು ಆಲಿಕಲ್ಲು ಬಿತ್ತು, ನೆಲದಲ್ಲಿ ಬೆಂಕಿಯ ಸುಂಟರಗಾಳಿ ಎದ್ದಿತು. 2009ರ ಫೆಬ್ರುವರಿ 7ರಂದು ವಿಕ್ಟೋರಿಯಾ ರಾಜ್ಯದಲ್ಲಿ 173 ಜನರನ್ನು ಬಲಿ ತೆಗೆದುಕೊಂಡ ‘ಕಪ್ಪು ಶನಿವಾರ’ದ ಬೆಂಕಿಮೋಡಗಳು ಬೆಂಕಿಯ ಅಂಚಿನಿಂದ ಸುಮಾರು ನೂರು ಕಿಲೋಮೀಟರ್ ಮುಂದೆ ಸಿಡಿಲು ಕೆಡವಿ ಹೊಸ ಕಿಚ್ಚು ಹಚ್ಚಿದ್ದವು. ಕೆನಡಾದ ಲಿಟ್ಟನ್ ಎಂಬ ಪುಟ್ಟ ಊರಿನದು ಇನ್ನೊಂದು ಕರುಳು ಹಿಂಡುವ ಕಥೆ. 2021ರ ಜೂನ್ 29ರಂದು ಅಲ್ಲಿ 49.6 ಡಿಗ್ರಿ ಸೆಲ್ಸಿಯಸ್ ತಾಪ ದಾಖಲಾಯಿತು. ಮರುದಿನ ಊರಿನ ಬಹುಭಾಗ ಬೂದಿಯಾಯಿತು. ಅಂದು ಮಧ್ಯಾಹ್ನದಿಂದ ಮರುದಿನ ಮುಂಜಾನೆಯೊಳಗೆ ಆ ಊರಿರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ಮತ್ತು ಪಕ್ಕದ ಪ್ರಾಂತ್ಯದ ಮೇಲೆ ಏಳು ಲಕ್ಷಕ್ಕೂ ಹೆಚ್ಚು ಮಿಂಚುಗಳು ದಾಖಲಾದವು. ಆ ಅಬ್ಬರಕ್ಕೆ ಬಲ ತುಂಬಿದ್ದರಲ್ಲಿ ಬೆಂಕಿಮೋಡಗಳ ಪಾಲು ದೊಡ್ಡದು.

ಇಂಥ ಮೋಡದ ಒಳಗೇನಿದೆ ಎಂದು ನೋಡಲು 2019ರ ಆಗಸ್ಟ್ 8ರ ಸಂಜೆ ನಾಸಾದ ಡಿಸಿ-8 ವಿಮಾನ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಾಳ್ಗಿಚ್ಚಿನ ಮೇಲೆದ್ದ ಮೋಡವನ್ನು ಸುಮಾರು ಒಂಬತ್ತು ಕಿಲೋಮೀಟರ್ ಎತ್ತರದಲ್ಲಿ ಹಾದುಹೋಯಿತು. ಪ್ರಯಾಣಿಕರ ವಿಮಾನಗಳು ದೂರ ಸರಿದು ಹೋಗುವ ಜಾಗಕ್ಕೆ ಹೊಗೆ ಅಳೆಯುವ ಯಂತ್ರಗಳನ್ನು ಹೊತ್ತು ಹೋಗಲು ಎದೆಗಾರಿಕೆ ಬೇಕು.

ಮೇಲೇರಿದ ಹೊಗೆ ಅಲ್ಲಿಗೇ ನಿಲ್ಲುವುದಿಲ್ಲ ಎಂಬುದು 2017ರಲ್ಲಿ ಸ್ಪಷ್ಟವಾಯಿತು. ಆ ವರ್ಷದ ಆಗಸ್ಟ್ 12ರಂದು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಕೆಲವೇ ತಾಸುಗಳಲ್ಲಿ ಎದ್ದ ಬೆಂಕಿಮೋಡಗಳು ಮಧ್ಯಮ ಗಾತ್ರದ ಜ್ವಾಲಾಮುಖಿಗೆ ಸಾಟಿಯಾಗುವಷ್ಟು ಹೊಗೆಯನ್ನು ಸಮೋಷ್ಣ ಮಂಡಲಕ್ಕೆ ತಳ್ಳಿದವು. ಮೊದಲು 12 ಕಿಲೋಮೀಟರ್ ಎತ್ತರದಲ್ಲಿದ್ದ ಹೊಗೆ ಎರಡು ತಿಂಗಳಲ್ಲಿ 23 ಕಿಲೋಮೀಟರ್ ಮುಟ್ಟಿತು. ಬಿಸಿಲಿಗೆ ಹಿಡಿದ ಕಪ್ಪು ಕೊಡೆ ಕಾಯುವಂತೆ ಹೊಗೆಯೊಳಗಿನ ಮಸಿ ಕಾಯುತ್ತದೆ, ಸುತ್ತಲಿನ ಗಾಳಿಯನ್ನೂ ಕಾಯಿಸುತ್ತದೆ, ಇಡೀ ಹೊಗೆರಾಶಿ ಮೇಲೇಳುತ್ತದೆ. ಅಲ್ಲಿ ಅದನ್ನು ತೊಳೆಯಲು ಮಳೆಯಿಲ್ಲ. ಸುಮಾರು ಎಂಟು ತಿಂಗಳು ಅದು ಉಪಗ್ರಹಗಳಿಗೆ ಕಾಣಿಸುತ್ತಲೇ ಇತ್ತು. ಅಣುಯುದ್ಧವಾದರೆ ಉರಿಯುವ ನಗರಗಳ ಮಸಿ ಹೀಗೇ ಮೇಲೇರಿ ಸೂರ್ಯನ ಬೆಳಕನ್ನು ಮರೆಮಾಡೀತು ಎಂದು 1983ರಲ್ಲಿ ಖಗೋಳ ವಿಜ್ಞಾನಿ ಕಾರ್ಲ್ ಸಾಗನ್ ಮತ್ತು ಸಹೋದ್ಯೋಗಿಗಳು ಎಚ್ಚರಿಸಿದ್ದರು. ಅಂಥ ಲೆಕ್ಕಾಚಾರಗಳನ್ನು ನಿಜವಾದ ಹೊಗೆಯ ಜೊತೆ ತಾಳೆ ನೋಡುವ ಅವಕಾಶ ಈ ಕಾಳ್ಗಿಚ್ಚಿನಿಂದ ಸಿಕ್ಕಿತು.

ಎರಡೇ ವರ್ಷಗಳಲ್ಲಿ ಆಸ್ಟ್ರೇಲಿಯಾ ಅದನ್ನೂ ಮೀರಿಸಿತು. 2019ರ ಡಿಸೆಂಬರ್ ಕೊನೆ ಮತ್ತು 2020ರ ಜನವರಿ ಮೊದಲ ದಿನಗಳ ನಡುವೆ ದೇಶದ ಆಗ್ನೇಯ ಭಾಗದ ಕಾಡುಗಳಿಂದ 38 ಬಾರಿ ಬೆಂಕಿಮೋಡಗಳು ಎದ್ದವು. ಡಿಸೆಂಬರ್ 30ರಂದು ಬೆಂಕಿಯ ಸುಂಟರಗಾಳಿ ಹಲವು ಟನ್ ತೂಕದ ಅಗ್ನಿಶಾಮಕ ಲಾರಿಯನ್ನು ಮಗುಚಿ ಹಾಕಿ ಒಬ್ಬ ಯುವ ಸ್ವಯಂಸೇವಕನನ್ನು ಕೊಂದಿತು. ಆಕಾಶದಲ್ಲಿ ಆದದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಸುಮಾರು ಸಾವಿರ ಕಿಲೋಮೀಟರ್ ಅಗಲದ ಹೊಗೆಯ ಸುಳಿಯೊಂದು ಸುತ್ತುತ್ತ, 35 ಕಿಲೋಮೀಟರ್ ಎತ್ತರಕ್ಕೆ ಏರುತ್ತ, 13 ವಾರಗಳಲ್ಲಿ 66,000 ಕಿಲೋಮೀಟರ್ ಪಯಣಿಸಿತು. ಭೂಮಿಯ ಸುತ್ತಳತೆಯೇ ಸುಮಾರು 40,000 ಕಿಲೋಮೀಟರ್ ಎಂಬುದನ್ನು ನೆನೆದರೆ ಆ ದೂರದ ಅಂದಾಜು ಸಿಕ್ಕೀತು.

ನಮ್ಮನ್ನು ನೇರಳಾತೀತ ಕಿರಣಗಳಿಂದ ಕಾಯುವ ಓಝೋನ್ ಪದರ ಇರುವುದೂ ಅದೇ ಎತ್ತರದಲ್ಲಿ. ಆತಂಕದ ಮಾತು ಇದೇ. ಫ್ರಿಜ್, ಏರ್‌ಕಂಡಿಷನರ್‌ಗಳಲ್ಲಿ ಬಳಸುತ್ತಿದ್ದ ಅನಿಲಗಳ ಕ್ಲೋರಿನ್ ಇನ್ನೂ ಅಲ್ಲಿದೆ; ಹೆಚ್ಚಿನ ಭಾಗ ಓಝೋನನ್ನು ಮುಟ್ಟದ ರೂಪದಲ್ಲಿ ಅಡಗಿ ಕೂತಿದೆ. ಕಾಳ್ಗಿಚ್ಚಿನ ಹೊಗೆಕಣಗಳ ಮೇಲೆ ಅದು ಕರಗಿ, ಮತ್ತೆ ಓಝೋನ್ ತಿನ್ನುವ ರೂಪಕ್ಕೆ ಬರುತ್ತದೆ ಎಂದು ಎಂಐಟಿಯ ಸುಸಾನ್ ಸಾಲಮನ್ ಮತ್ತು ಸಂಗಡಿಗರು 2023ರಲ್ಲಿ ತೋರಿಸಿದರು. ಆಸ್ಟ್ರೇಲಿಯಾದ ಹೊಗೆಯಿಂದ 2020ರಲ್ಲಿ ದಕ್ಷಿಣಾರ್ಧಗೋಳದ ಮಧ್ಯ ಅಕ್ಷಾಂಶಗಳ ಓಝೋನ್ ಶೇ 3ರಿಂದ 5ರಷ್ಟು ಕರಗಿತೆಂದು ಅವರ ಲೆಕ್ಕ. 1980ರ ದಶಕದಲ್ಲಿ ಅಂಟಾರ್ಕ್ಟಿಕದ ಓಝೋನ್ ರಂಧ್ರದ ಮೂಲ ಹುಡುಕಿದವರಲ್ಲಿ ಸಾಲಮನ್ ಪ್ರಮುಖರು. ಓಝೋನ್ ಕೆಡಿಸುವ ಅನಿಲಗಳಿಗೆ ಕಡಿವಾಣ ಹಾಕಿದ 1987ರ ಮಾಂಟ್ರಿಯಲ್ ಒಪ್ಪಂದದ ಬಳಿಕ ಜಗತ್ತು ಶ್ರಮಪಟ್ಟು ವಾಸಿ ಮಾಡುತ್ತಿರುವ ಗಾಯವನ್ನು ಕಾಳ್ಗಿಚ್ಚು ಕೆದಕುತ್ತಿದೆ ಎಂದು ಅವರೇ ಕಂಡುಕೊಂಡರು. ಭೂಮಿ ಕಾದಷ್ಟೂ ಕಾಡು ಒಣಗುತ್ತದೆ. 2023ರ ಬೇಸಿಗೆಯೊಂದರಲ್ಲೇ ಕೆನಡಾದ ಮೇಲೆ ನೂರಕ್ಕೂ ಹೆಚ್ಚು ಬೆಂಕಿಮೋಡಗಳು ಎದ್ದವು.

ಬೆಂಕಿಮೋಡ ಏಳುವ ದಿನವನ್ನು ಮೊದಲೇ ಗುರುತಿಸುವ ಕೆಲಸವೂ ನಡೆದಿದೆ. ಆಸ್ಟ್ರೇಲಿಯಾದ ಹವಾಮಾನ ಇಲಾಖೆಯ ಕೆವಿನ್ ಟೋರಿ ಒಂದು ಲೆಕ್ಕದ ವಿಧಾನ ರೂಪಿಸಿದರು. ಇಂದಿನ ಗಾಳಿ, ತೇವ, ತಾಪಗಳಿಗೆ ಬೆಂಕಿ ಎಷ್ಟು ಶಾಖ ಉಗುಳಿದರೆ ಮೋಡ ಗುಡುಗುಮೋಡವಾದೀತು ಎಂದು ಅದು ಹೇಳುತ್ತದೆ. ಆ ಅಂಕಿ ಕಡಿಮೆ ಇದ್ದ ದಿನ ಸಣ್ಣ ಬೆಂಕಿಗೂ ಅಪಾಯ ಹೆಚ್ಚು. ಗಾಳಿ ದಿಕ್ಕು ತಪ್ಪಿ ಬೀಸುವ ಮುನ್ನವೇ ಬೆಂಕಿ ನಂದಿಸುವವರನ್ನು ಹಿಂದಕ್ಕೆ ಕರೆಸಲು, ಊರು ಬಿಡಿ ಎಂದು ಜನರಿಗೆ ಹೇಳಲು ಇದರಿಂದ ಕೆಲವು ತಾಸುಗಳ ಅವಕಾಶ ಸಿಗುತ್ತದೆ.