ಹಳೆಯ ಮನೆಯ ಬೆಲೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ಆದರೆ ಹಿರಿಯರು ಕಟ್ಟಿಸಿದ ಮನೆಯನ್ನು ಮಾರುವ ಕಷ್ಟವನ್ನು ಕುರಿತು ಗಾದೆ ಮಾಡಿದವರು ಏನನ್ನೂ ಹೇಳಿಲ್ಲ. ಕಳೆದ ವರ್ಷ ಭೀಮಸಮುದ್ರದಲ್ಲಿದ್ದ ನಮ್ಮ ಅಜ್ಜನ ಮನೆಯನ್ನು ಮಾರಬೇಕಾಗಿ ಬಂದಾಗ ಈ ಕಷ್ಟವು ನನ್ನ ಅನುಭವಕ್ಕೆ ಬಂದಿತು. ಇಂಥ ಪ್ರಸಂಗವು ವಾಚಕರಲ್ಲಿ ಅನೇಕರಿಗೆ ಇಂದಲ್ಲ ನಾಳೆ ಒದಗಬಹುದಾದ್ದರಿಂದ, ನಾನು ಕಲಿತುದನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮದು ಹಂಚಿನ ಮನೆ. ದಪ್ಪನೆಯ ಮಣ್ಣಿನ ಗೋಡೆ, ಪಡಸಾಲೆಯಲ್ಲಿ ನಾಲ್ಕು ಮರದ ಕಂಬ, ಹಿತ್ತಲಲ್ಲಿ ಬಚ್ಚಲು. ಅಜ್ಜಿ ಮೊದಲೇ ತೀರಿಕೊಂಡಿದ್ದರು. ಅಜ್ಜನೂ ಹೋದ ಮೇಲೆ ಮೂರು ಮಳೆಗಾಲ ಆ ಮನೆಗೆ ಬೀಗ ಬಿದ್ದಿತ್ತು. ನಮ್ಮ ತಂದೆಯವರು ಚಿತ್ರದುರ್ಗದಲ್ಲಿ, ಅತ್ತೆಯವರು ಹೊಳಲ್ಕೆರೆಯಲ್ಲಿ, ಚಿಕ್ಕಪ್ಪನವರು ಬೆಂಗಳೂರಿನಲ್ಲಿ. ಬೀಗ ತೆಗೆಯುವವರಿಲ್ಲದ ಮನೆ ಎಷ್ಟು ದಿನ ನಿಂತೀತು?

ಮಾರುವ ಮಾತು ಬಂದ ಕೂಡಲೇ ಎಲ್ಲರೂ ಬೆಲೆಯ ವಿಚಾರಕ್ಕೆ ಕೈಹಾಕಿದರು. ಆದರೆ ಮೊದಲು ತೀರ್ಮಾನವಾಗಬೇಕಾದುದು ಒಡೆತನ. "ಅಕ್ಕನ ಮದುವೆಗೆ ಅಪ್ಪ ಆಗಲೇ ಖರ್ಚು ಮಾಡಿದ್ದಾರೆ. ಸಹಿ ಒಂದು ಹಾಕಿಸಿದರಾಯಿತು" ಎಂದರು ಚಿಕ್ಕಪ್ಪನವರು. ಅತ್ತೆಯವರು ಜಗಳವಾಡಲಿಲ್ಲ. ನಮ್ಮ ತಂದೆಯವರ ಕಡೆ ತಿರುಗಿ, "ಸಹಿ ಹಾಕ್ತೀನಿ ಕಣಣ್ಣ. ಆದ್ರೆ ಎಷ್ಟಕ್ಕೆ ಮಾರ್ತೀವಿ ಅನ್ನೋದನ್ನ ನನ್ನೂ ಕೂರಿಸ್ಕೊಂಡು ಮಾತಾಡ್ರಿ" ಎಂದರು.

ಕಾನೂನು ಅತ್ತೆಯವರ ಕಡೆಗಿತ್ತು. ಉಯಿಲು ಬರೆಯದೆ ತೀರಿಕೊಂಡ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲನ್ನು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೇ ಕೊಟ್ಟಿದೆ. ಆದರೆ ಕುಟುಂಬದವರು ವಾಸಿಸುವ ಮನೆಯಲ್ಲಿ ಗಂಡುಮಕ್ಕಳು ಭಾಗಕ್ಕೆ ಮನಸ್ಸು ಮಾಡುವ ತನಕ ಹೆಣ್ಣುಮಕ್ಕಳು ಭಾಗ ಕೇಳುವಂತಿಲ್ಲವೆಂಬ ಕಟ್ಟೊಂದು ಅದರಲ್ಲಿ ಇತ್ತು. 2005ರ ತಿದ್ದುಪಡಿಯು ಆ ಕಟ್ಟನ್ನು ತೆಗೆದುಹಾಕಿತು. ಪಿತ್ರಾರ್ಜಿತದಲ್ಲಿಯೂ ಮಗಳಿಗೆ ಹುಟ್ಟಿನಿಂದಲೇ ಹಕ್ಕುಂಟೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಸ್ಪಷ್ಟಪಡಿಸಿತು. ಆದ್ದರಿಂದ ಪಾಲು ಮೂರು, ಸಮಸಮ ಎಂದು ತಂದೆಯವರು ಅಂದೇ ತೀರ್ಮಾನ ಹೇಳಿದರು.

ಎರಡನೆಯದು ಕಾಗದಪತ್ರ. ಖಾತೆ ಇನ್ನೂ ಅಜ್ಜನ ಹೆಸರಿನಲ್ಲಿತ್ತು. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷವನ್ನು ಗ್ರಾಮ ಪಂಚಾಯಿತಿಗೆ ಒಪ್ಪಿಸಿ ಖಾತೆಯನ್ನು ಮೂವರ ಹೆಸರಿಗೂ ಮಾಡಿಸಿ, ಇ-ಸ್ವತ್ತಿನ ನಮೂನೆ 9 ಮತ್ತು 11ನ್ನು ಪಡೆದೆವು. ಸಾಲಸೋಲವೇನೂ ಇಲ್ಲವೆಂದು ತೋರಿಸಲು ಋಣಭಾರ ಪತ್ರವನ್ನು ತೆಗೆಸಿದೆವು. ಇವು ಕೈಯಲ್ಲಿಲ್ಲದ ಮನೆಗೆ ಒಳ್ಳೆಯ ಗಿರಾಕಿ ಬರುವುದಿಲ್ಲ. ಬಂದವನು ಬೆಲೆ ಇಳಿಸದೆ ಹೋಗುವುದಿಲ್ಲ.

ಇನ್ನು ಬೆಲೆ. ನಮ್ಮೂರು ಅಡಕೆಯ ವ್ಯಾಪಾರಕ್ಕೆ ಹೆಸರಾದುದು. ಮಂಡಿಯಲ್ಲಿ ಚೀಲ ಬಿಚ್ಚಿ, ಕೈಯಲ್ಲಿ ಹಿಡಿದು ನೋಡಿದ ಮೇಲೆಯೇ ಧಾರಣೆ. ಕೆಂಪುಗೋಟಿಗೆ ರಾಶಿ ಅಡಕೆಯ ಬೆಲೆಯನ್ನು ಯಾರೂ ಕೊಡುವುದಿಲ್ಲ. ಆದರೆ ಸ್ವಂತ ಮನೆಯ ವಿಷಯದಲ್ಲಿ ನಾವು ಈ ವಿವೇಕವನ್ನು ಮರೆಯುತ್ತೇವೆ. ಪಕ್ಕದ ಬೀದಿಯ ತಾರಸಿ ಮನೆ 18 ಲಕ್ಷಕ್ಕೆ ಹೋಗಿದ್ದರಿಂದ ನಮ್ಮದೂ 18 ಲಕ್ಷವೆಂದು ಚಿಕ್ಕಪ್ಪನವರು ಹಟ ಹಿಡಿದರು. ಆಗ ಎರಡು ಬಗೆಯಾಗಿ ಲೆಕ್ಕ ಹಾಕಿದೆವು.

ಒಂದನೆಯ ಬಗೆ, ಕೊಂಡವನು ಮನೆಯನ್ನು ಕೆಡವುತ್ತಾನೆಂದು ಭಾವಿಸುವುದು. ನಿವೇಶನ 2400 ಚದರಡಿ. ಹತ್ತಿರದ ಮಾರಾಟಗಳನ್ನು ನೋಡಿ ಅಡಿಗೆ 375 ರೂಪಾಯಿಯಂತೆ 9 ಲಕ್ಷ. ಕಂಬ, ತೊಲೆ, ಬಾಗಿಲು, ಹಂಚುಗಳಿಂದ 1,60,000. ಕೆಡವುವ ಖರ್ಚು 60,000 ಕಳೆದರೆ 10 ಲಕ್ಷ. ಎರಡನೆಯ ಬಗೆ, ದುರಸ್ತಿ ಮಾಡಿ ವಾಸಿಸುತ್ತಾನೆಂದು ಭಾವಿಸುವುದು. ದುರಸ್ತಿಯಾದ ಮನೆ 18 ಲಕ್ಷ ಬಾಳುತ್ತದೆಂದರೂ ಶೌಚಾಲಯ, ವಿದ್ಯುತ್ ತಂತಿ, ಮಾಡು, ನೆಲಗಳಿಗೆ 6 ಲಕ್ಷ, ಅವನ ಶ್ರಮಕ್ಕೂ ಕಾಯುವಿಕೆಗೂ 1 ಲಕ್ಷ ಕಳೆಯಬೇಕು. ಉಳಿಯುವುದು 11 ಲಕ್ಷ. ಇವೆರಡರಲ್ಲಿ ಹೆಚ್ಚಿನದೇ ನಾವು ಕೇಳಬಹುದಾದ ಬೆಲೆ. ಇಟಲಿಯ ಸಿಸಿಲಿ ದ್ವೀಪದ ಸಂಬುಕಾ ಎಂಬ ಊರಿನಲ್ಲಿ 2019ರಲ್ಲಿ ಬಿಟ್ಟುಹೋದ ಮನೆಗಳನ್ನು ಒಂದು ಯೂರೋವಿನಿಂದ ಹರಾಜಿಗಿಟ್ಟರು. ಮೂರು ವರ್ಷದೊಳಗೆ ದುರಸ್ತಿ ಮಾಡಿಸಬೇಕೆಂಬುದು ಕರಾರು. ದುರಸ್ತಿಯೂ ಬೆಲೆಯ ಒಂದು ಭಾಗವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಮಾರುವ ಮೊದಲು ನಾವೇ ಎಷ್ಟು ದುರಸ್ತಿ ಮಾಡಿಸಬೇಕು? ಒಡೆದ ಹಂಚು ಬದಲಾಯಿಸಿ, ಸೋರುವುದನ್ನು ನಿಲ್ಲಿಸಿ, ಗುಡಿಸಿ ಸುಣ್ಣ ಹೊಡೆಸಿದರೆ ಸಾಕು. ಹೊಸ ಅಡುಗೆಮನೆ ಕಟ್ಟಿಸಿದರೆ ಆ ಹಣ ಹಿಂದಿರುಗುವುದು ಸಂಶಯ. ಕೊಂಡವನು ಅದನ್ನೇ ಕೆಡವಬಹುದು.

ಇಲ್ಲೊಂದು ಪರೀಕ್ಷೆ ಎದುರಾಯಿತು. ನಡುಮನೆಯ ತೊಲೆಯೊಂದಕ್ಕೆ ಒಳಗೆ ಗೆದ್ದಲು ಹಿಡಿದಿತ್ತು. ಬಣ್ಣ ಬಳಿದರೆ ಕಾಣುವುದಿಲ್ಲವೆಂದರು ಮೇಸ್ತ್ರಿ. ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕೊಳ್ಳುವವನಿಗೆ ತಿಳಿಯದಂಥ, ತನಗೆ ತಿಳಿದಿರುವ ಮುಖ್ಯ ದೋಷವನ್ನು ಮಾರುವವನು ಹೇಳತಕ್ಕದ್ದೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆ ವಿಧಿಸುತ್ತದೆ. ಅತ್ತೆಯವರಿಗೆ ಕಾಯಿದೆ ಗೊತ್ತಿರಲಿಲ್ಲ. "ಅದರ ಕೆಳಗೆ ನಾಳೆ ಇನ್ನೊಬ್ಬರ ಮಕ್ಕಳು ಮಲಗ್ತಾರಪ್ಪ" ಎಂದರು. ಗಿರಾಕಿಗೆ ತೊಲೆಯನ್ನು ತೋರಿಸಿದೆವು. ಅವರು 20,000 ಕಡಿಮೆ ಮಾಡಿ 10,80,000ಕ್ಕೆ ಒಪ್ಪಿದರು.

ಹಣದ ವಿಚಾರದಲ್ಲಿಯೂ ಎಚ್ಚರ ಬೇಕು. ಸರ್ಕಾರದ ಮಾರ್ಗಸೂಚಿ ಬೆಲೆಯು ಮುದ್ರಾಂಕ ಶುಲ್ಕದ ಲೆಕ್ಕಕ್ಕಾಗಿ ಇರುವುದು. ಪೇಟೆಯ ಬೆಲೆ ಬೇರೆ. ಪತ್ರದಲ್ಲಿ ಕಡಿಮೆ ಬರೆಸಿ ಉಳಿದುದನ್ನು ನಗದಾಗಿ ಪಡೆಯುವುದು ಅಪರಾಧಕ್ಕೆ ದಾರಿ. ಸ್ಥಿರಾಸ್ತಿಯ ಮಾರಾಟದಲ್ಲಿ 20,000 ಅಥವಾ ಅದಕ್ಕೆ ಮೇಲ್ಪಟ್ಟ ನಗದನ್ನು ಪಡೆಯುವುದಕ್ಕೆ 2015ರಿಂದ ನಿಷೇಧವಿದೆ. ಲಾಭದ ಮೇಲಿನ ತೆರಿಗೆಗೆ, 2001ಕ್ಕೆ ಹಿಂದಿನ ಮನೆಯಾದರೆ 2001ರ ಏಪ್ರಿಲ್ 1ರಂದು ಅದಕ್ಕಿದ್ದ ಬೆಲೆಯನ್ನು ಅಸಲೆಂದು ಹಿಡಿಯಬಹುದು.

ನೋಂದಣಿಯ ದಿನ ಮೂವರಿಗೂ 3,60,000ದಂತೆ ಸಂದಿತು. ಅತ್ತೆಯವರು ಕ್ರಯಪತ್ರದಲ್ಲಿ ಮಾರುವವರ ಸಾಲಿನಲ್ಲಿದ್ದ ತಮ್ಮ ಹೆಸರಿನ ಮೇಲೆ ಬೆರಳಿಟ್ಟು, "ಅಪ್ಪನ ಮನೆ ಕಾಗದದಾಗೆ ನನ್ನ ಹೆಸರು ಬಂದಿದ್ದು ಇದೇ ಮೊದಲು" ಎಂದರು. ಚಿಕ್ಕಪ್ಪನವರು ಮಾತಾಡಲಿಲ್ಲ, ಸಹಿ ಮಾಡಲು ತಮ್ಮ ಲೇಖನಿಯನ್ನು ಅಕ್ಕನ ಕೈಗೆ ಕೊಟ್ಟರು.

ಹಳೆಯ ಮನೆಯ ಲೆಕ್ಕದಲ್ಲಿ ನಿವೇಶನ, ಮರಮುಟ್ಟು, ದುರಸ್ತಿ ಎಲ್ಲಕ್ಕೂ ಅಂಕಿ ಹಾಕಬಹುದು. ನೆನಪಿಗೆ ಗಿರಾಕಿ ಹಣ ಕೊಡಬೇಕಾದುದಿಲ್ಲ. ಆದರೆ ಆ ನೆನಪಿನಲ್ಲಿ ಪಾಲುಳ್ಳವರಿಗೆ ಬೆಲೆಯಲ್ಲಿಯೂ ಪಾಲು ಸಲ್ಲುವಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.