ಕೊನೆಯ ಪೀರಿಯಡ್ಡಿನ ಸಂಘಗಳು

ಕಾರ್ಕಳದ ಹತ್ತಿರದ ನಂದಳಿಕೆಯ ಲಕ್ಷ್ಮೀನಾರಣಪ್ಪ ಹೊಟ್ಟೆಪಾಡಿಗೆ ಹಿಡಿದದ್ದು ಶಾಲೆಯ ಮಕ್ಕಳಿಗೆ ಕಸರತ್ತು ಕಲಿಸುವ ಕೆಲಸ. ಮದರಾಸಿನಲ್ಲಿ ತರಬೇತಿ ಪಡೆದು ಬಂದು ಕುಂದಾಪುರದಲ್ಲೂ ಉಡುಪಿಯಲ್ಲೂ ಮಾಷ್ಟ್ರಾಗಿದ್ದ ಆತ, ತಾನು ಬರೆದ ಕಾವ್ಯವನ್ನು ಯಾರೋ ಹಳೆಯ ಕವಿಯದೆಂದು ಹೇಳಿ ಮೈಸೂರಿನ ಪತ್ರಿಕೆಗೆ ಕಳಿಸಿಕೊಟ್ಟ. 1901ರಲ್ಲಿ, ಮೂವತ್ತೊಂದರ ಹರೆಯದಲ್ಲಿ, ಕ್ಷಯರೋಗ ಅವನನ್ನು ಒಯ್ದಿತು. ‘ಶ್ರೀರಾಮಾಶ್ವಮೇಧ’ ಬರೆದ ಮುದ್ದಣ ಅವನೇ ಎಂಬುದು ಲೋಕಕ್ಕೆ ಖಚಿತವಾದದ್ದು ಆಮೇಲೆ.

ಬರೆದವನು ತನ್ನ ಹೆಸರನ್ನು ಹೇಳಿಕೊಳ್ಳಲು ಹಿಂಜರಿದ ಇದೇ ಊರುಗಳಲ್ಲಿ, ಅರ್ಧ ಶತಮಾನದ ಬಳಿಕ, ಎಂಟನೇ ಕ್ಲಾಸಿನ ಹುಡುಗನೊಬ್ಬ ಎದ್ದು ನಿಂತು “ಇದು ನಾನೇ ಬರೆದ ಕವನ” ಎಂದು ಓದುವುದು ಮಾಮೂಲಿ ಸಂಗತಿಯಾಗಿತ್ತು. ನಡುವೆ ಆದ ಬದಲಾವಣೆಗೆ ಕಾರಣ ಹಲವು. ಆದರೆ ಹೈಸ್ಕೂಲುಗಳ ಸಾಹಿತ್ಯ ಸಂಘ, ನಾಟಕ ಸಂಘ, ವಿಜ್ಞಾನ ಸಂಘಗಳ ಪಾಲನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡದ್ದು ಕಡಿಮೆ. ಕರಾವಳಿಯ ಶಿಕ್ಷಣದ ಕಥೆ ಹೇಳುವಾಗ 1942ರಲ್ಲಿ ಟಿ.ಎಂ.ಎ. ಪೈಗಳು ಮಣಿಪಾಲದಲ್ಲಿ ಕಟ್ಟಿದ ಅಕಾಡೆಮಿ, 1949ರ ಎಂಜಿಎಂ ಕಾಲೇಜು, 1953ರ ಕಸ್ತೂರ್ಬಾ ಮೆಡಿಕಲ್ ಕಾಲೇಜು, 1960ರ ಕಾರ್ಕಳದ ಭುವನೇಂದ್ರ ಕಾಲೇಜು, ಹೀಗೆ ಕಟ್ಟಡಗಳ ಹೆಸರು ಬರುತ್ತದೆ. ಈ ಸಂಘಗಳು ಸೇರುತ್ತಿದ್ದ ಶನಿವಾರದ ಕೊನೆಯ ಪೀರಿಯಡ್ಡಿನ ಹೆಸರು ಬರುವುದಿಲ್ಲ.

ಆ ಪೀರಿಯಡ್ಡು ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲೂ ಇತ್ತು, ಬೋರ್ಡ್ ಹೈಸ್ಕೂಲಿನಲ್ಲೂ ಇತ್ತು. ಕಡಿಯಾಳಿಯ ಕಮಲಾಬಾಯಿ, ಕಾಪು ಕಡೆಯ ಇನ್ನಂಜೆಯ ಎಸ್‌ವಿಎಚ್, ಶಿರ್ವದ ಹಿಂದೂ ಹೈಸ್ಕೂಲು, ಕಾರ್ಕಳ ಪೇಟೆಯ ಶಾಲೆಗಳು ಯಾವುದೂ ಇದಕ್ಕೆ ಹೊರತಲ್ಲ. ಆಡಳಿತ ಒಂದು ಕಡೆ ಚರ್ಚಿನದು, ಒಂದು ಕಡೆ ಮಠದ್ದು, ಮತ್ತೊಂದು ಕಡೆ ಜಿಲ್ಲಾ ಬೋರ್ಡಿನದು, ಕೆಲವು ಕಡೆ ಊರ ಹತ್ತು ಸಮಸ್ತರದು. ಸಂಘದ ಸಭೆಯ ಕ್ರಮ ಮಾತ್ರ ಎಲ್ಲ ಕಡೆಯೂ ಒಂದೇ: ಪ್ರಾರ್ಥನೆ, ಸ್ವಾಗತ, ಕಳೆದ ಸಭೆಯ ವರದಿ, ಕಾರ್ಯಕ್ರಮ, ಅಧ್ಯಕ್ಷರ ಎರಡು ಮಾತು, ವಂದನಾರ್ಪಣೆ.

ಹೊರಗಿನವರಿಗೆ ಇದು ಬರೀ ಶಿಷ್ಟಾಚಾರ ಅನ್ನಿಸಬಹುದು. ಆದರೆ ಎದುರು ಕೂತ ಮಕ್ಕಳು ಯಾರು ಎಂದು ನೋಡಬೇಕು. ಹೆಚ್ಚಿನವರ ಮನೆಮಾತು ತುಳು. ಪೇಟೆಯ ಹಲವರದು ಕೊಂಕಣಿ, ಕೆಲವರದು ಬ್ಯಾರಿ. ಅಂಗಡಿ, ಗದ್ದೆ, ಬಂದರು, ಕಂಬಳ, ಕೋಲ ಎಲ್ಲವೂ ತುಳುವಿನಲ್ಲೇ ನಡೆಯುತ್ತಿದ್ದಾಗ ಕನ್ನಡ ಎಂಬುದು ಪಾಠಪುಸ್ತಕದಲ್ಲಿ ಮಲಗಿದ ಭಾಷೆ. ಅದನ್ನು ಎಬ್ಬಿಸಿ ನಾಲಿಗೆಯ ಮೇಲೆ ಕೂರಿಸಿದ್ದು ಆಶುಭಾಷಣ, ಚರ್ಚಾಕೂಟ, ಏಕಪಾತ್ರಾಭಿನಯಗಳು. ಕರಾವಳಿಯವರ ಕನ್ನಡ ಪುಸ್ತಕದ ಹಾಗೆ ಶುದ್ಧ ಎಂದು ಘಟ್ಟದ ಮೇಲಿನವರು ಹೇಳುವುದುಂಟು. ಆ ಶುದ್ಧಿಯ ಹಿಂದೆ ಸಂಘದ ಸಭೆಗಳ ಅಭ್ಯಾಸವೂ ಇದೆ, ತಾಳಮದ್ದಲೆಯ ಕೇಳ್ಮೆಯೂ ಇದೆ. ಅರ್ಥಧಾರಿಗಳಲ್ಲಿ ಹಲವರು ಶಾಲಾ ಮಾಷ್ಟ್ರುಗಳೇ ಆಗಿದ್ದರು. ರಾತ್ರಿ ಕೃಷ್ಣನಾಗಿ ಸಂಧಾನ ನಡೆಸಿದವರು ಬೆಳಗ್ಗೆ ಒಂಬತ್ತನೇ ಕ್ಲಾಸಿನ ಹುಡುಗರಿಗೆ ಪ್ರತಿವಾದ ಮಾಡುವುದು ಹೇಗೆಂದು ಹೇಳಿಕೊಡುತ್ತಿದ್ದರು.

ಇಡೀ ಸಭೆಯಲ್ಲಿ ಅತಿ ಕಷ್ಟದ ಕೆಲಸ ಭಾಷಣದ್ದಲ್ಲ, ವರದಿಯದು. ನೂರು ಪುಟದ ಗೆರೆಯ ನೋಟ್ ಬುಕ್ಕು. ರಟ್ಟಿಗೆ ಕಂದು ಕಾಗದದ ಹೊದಿಕೆ. ಮೇಲೆ ಸಂಘದ ಹೆಸರು ಮತ್ತು ಇಸವಿ. ಯಾರು ಏನು ಮಾತಾಡಿದರು, ಎಷ್ಟು ಮಂದಿ ಹಾಜರಿದ್ದರು, ಸಭೆ ಎಷ್ಟು ಹೊತ್ತಿಗೆ ಮುಗಿಯಿತು ಎಂದು ಕಾರ್ಯದರ್ಶಿ ಬರೆಯಬೇಕು. ಮುಂದಿನ ವಾರ ಎಲ್ಲರೆದುರು ಅದನ್ನು ಓದಬೇಕು. “ನಾನು ಹಾಗೆ ಹೇಳಿಯೇ ಇಲ್ಲ” ಎಂದು ಯಾರಾದರೂ ಎದ್ದರೆ ತಿದ್ದಬೇಕು. ಕೊನೆಗೆ ಅಧ್ಯಕ್ಷರ ರುಜು. ಹದಿಮೂರು ವರ್ಷದ ಮಕ್ಕಳಿಗೆ ಪ್ರಜಾಪ್ರಭುತ್ವವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠವನ್ನು ನಾನು ಕಂಡಿಲ್ಲ.

ಕೈಬರಹದ ಪತ್ರಿಕೆ ಸಂಘದ ಇನ್ನೊಂದು ದೊಡ್ಡ ಸಾಹಸ. ಒಂದೇ ಪ್ರತಿ. ಫುಲ್‌ಸ್ಕೇಪ್ ಹಾಳೆಗಳ ಮೇಲೆ ಶಾಲೆಯಲ್ಲೇ ದುಂಡಗಿನ ಅಕ್ಷರದ ಹುಡುಗಿ ಎಲ್ಲರ ಬರಹಗಳನ್ನೂ ನಕಲು ಮಾಡುವಳು. ಚಿತ್ರ ಬರೆಯುವವನು ಮುಖಪುಟಕ್ಕೆ ಬಣ್ಣ ಹಾಕುವನು. ದಬ್ಬಳದಲ್ಲಿ ತೂತು ಮಾಡಿ ನೂಲಿನಿಂದ ಹೊಲಿಯುವುದು ಎಲ್ಲರೂ ಸೇರಿ. ಸಂಪಾದಕ ಮಂಡಳಿ ಕವನವನ್ನು ತಿರಸ್ಕರಿಸಿದರೆ ಗೆಳೆತನ ಮುರಿದು ಬೀಳುವಷ್ಟು ಅದರ ಬೆಲೆ. ಮುಂದೆ 1970ರ ಜನವರಿ 1ರಂದು ಮಣಿಪಾಲದಿಂದ ‘ಉದಯವಾಣಿ’ ಹೊರಟಿತು. ಆಮೇಲೆ ‘ತುಷಾರ’, ‘ತರಂಗ’ ಬಂದವು. ಈ ಪತ್ರಿಕೆಗಳಿಗೆ ಹಳ್ಳಿಹಳ್ಳಿಯಿಂದ ಬಂದು ಬೀಳುತ್ತಿದ್ದ ಕಥೆ, ಓದುಗರ ಪತ್ರ, ‘ತುಷಾರ’ದ ಚಿತ್ರಕವನಕ್ಕೆ ಅಂಚೆ ಕಾರ್ಡಿನಲ್ಲಿ ಬರುತ್ತಿದ್ದ ಸಾಲುಗಳು, ಇವನ್ನೆಲ್ಲ ಬರೆದ ಕೈಗಳು ಪಳಗಿದ್ದು ಎಲ್ಲಿ ಎಂದು ಕೇಳಿದರೆ ನಾನು ಆ ಒಂದೇ ಪ್ರತಿಯ ಪತ್ರಿಕೆಗಳತ್ತ ಬೆರಳು ತೋರಿಸುತ್ತೇನೆ.

ನಾಟಕದ ವಿಷಯಕ್ಕೆ ಬಂದರೆ, ಪಕ್ಕದ ಬಂಟ್ವಾಳ ಕಡೆಯ ಮಂಚಿಯಲ್ಲಿ ಮೂರನೇ ಕ್ಲಾಸಿನಲ್ಲಿದ್ದ ಹುಡುಗನೊಬ್ಬ ಪಿ.ಕೆ. ನಾರಾಯಣ ಎಂಬ ಮಾಷ್ಟ್ರು ಆಡಿಸಿದ ‘ನನ್ನ ಗೋಪಾಲ’ದಲ್ಲಿ ಬಣ್ಣ ಹಚ್ಚಿದ. ಅವನೇ ಮುಂದೆ ಭಾರತದ ರಂಗಭೂಮಿಯ ದಾರಿಯನ್ನು ತಿರುಗಿಸಿದ ಬಿ.ವಿ. ಕಾರಂತ. ಎಲ್ಲರೂ ಕಾರಂತರಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಬ್ಯಾಂಕಿಗೋ ಮುಂಬೈಯ ಹೋಟೆಲಿಗೋ ಹೋದವರು ಅಲ್ಲಿಯೂ ಸಂಘ ಕಟ್ಟಿ ನಾಟಕ ಆಡಿದರು. ಹುಡುಗರ ಶಾಲೆಯಲ್ಲಿ ಹುಡುಗರಿಗೇ ಸೀರೆ, ಹುಡುಗಿಯರ ಶಾಲೆಯಲ್ಲಿ ಕಾಡಿಗೆಯ ಮೀಸೆ. ದುರ್ಯೋಧನನಾಗಿ ಗದೆ ಎತ್ತಿದ ಹುಡುಗಿಗೆ ಮನೆಯಲ್ಲಿ ಗಟ್ಟಿಯಾಗಿ ನಗುವುದಕ್ಕೂ ಅಪ್ಪಣೆ ಇರಲಿಲ್ಲ ಎಂಬುದನ್ನು ನೆನೆದರೆ ಆ ಅರ್ಧ ಗಂಟೆಯ ತೂಕ ತಿಳಿಯುತ್ತದೆ. ಎಂಜಿಎಂ ಕಾಲೇಜಿನ ರಂಗಮಂದಿರಕ್ಕೆ ಮುದ್ದಣ ಮಂಟಪ ಎಂದು ಹೆಸರಿಟ್ಟದ್ದು ಬಹಳ ಸರಿ.

ವಿಜ್ಞಾನ ಸಂಘಗಳ ಚುರುಕು ಹೆಚ್ಚಾದದ್ದು ಎಪ್ಪತ್ತರ ದಶಕದ ಕೊನೆಗೆ. 1978ರಲ್ಲಿ ‘ಬಾಲವಿಜ್ಞಾನ’ ಮಾಸಪತ್ರಿಕೆ, 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಬಂದವು. ಅದೇ 1980ರ ಫೆಬ್ರುವರಿ 16, ಶನಿವಾರ ಸೂರ್ಯಗ್ರಹಣ. ಪೂರ್ಣಗ್ರಹಣದ ಪಟ್ಟಿ ಹಾದುಹೋದದ್ದು ಉತ್ತರಕ್ಕೆ, ಅಂಕೋಲೆಯ ಕಡೆ, ನಮ್ಮಲ್ಲಿ ಖಂಡಗ್ರಾಸ. ಮಧ್ಯಾಹ್ನದ ಮೇಲೆ ಮನೆಗಳ ಬಾಗಿಲು ಮುಚ್ಚಿ ಬೀದಿ ಖಾಲಿಯಾಯಿತು. ಹೊರಗೆ ನಿಂತು ಸೂರ್ಯನನ್ನು ಬರಿಗಣ್ಣಿನಿಂದ ನೋಡುವುದು ಅಪಾಯ ನಿಜ. ಆದರೆ ನಮ್ಮ ಹಂಚಿನ ಮಾಡುಗಳಿಗೆ ಸಂದಿ ಇರುತ್ತದಲ್ಲ! ಪ್ರತಿ ಸಂದಿಯಿಂದ ಇಳಿದ ಬಿಸಿಲು ಎಂದಿನಂತೆ ದುಂಡಗೆ ಬೀಳದೆ ನೆಲದ ಮೇಲೆ ಕುಡುಗೋಲಿನ ಆಕಾರದಲ್ಲಿ ಬಿದ್ದಿತ್ತು. ಸಂದಿಯೇ ಸೂಜಿರಂಧ್ರ ಕ್ಯಾಮೆರಾ, ನೆಲವೇ ಪರದೆ, ಕಾಣುವುದು ಸೂರ್ಯನ ಬಿಂಬವೇ ಎಂದು ಸಂಘದಲ್ಲಿ ಕಲಿತ ಮಕ್ಕಳು ಬಾಗಿಲು ಹಾಕಿದ ಮನೆಯೊಳಗೇ ಹಿರಿಯರಿಗೆ ಗ್ರಹಣ ತೋರಿಸಿದರು.

ಸ್ಕೌಟು, ರೆಡ್‌ಕ್ರಾಸ್, ಎನ್‌ಸಿಸಿ ಎಲ್ಲ ಊರಿನಲ್ಲೂ ಇದ್ದವು; ಅವುಗಳ ಬಗ್ಗೆ ಬೇರೆಯೇ ಬರೆಯಬೇಕು. ನಮ್ಮ ಮಣ್ಣಿಗೆ ಹೆಚ್ಚು ಒಗ್ಗಿದ್ದು ಸಂಚಯಿಕಾ. ಶಾಲೆಯೊಳಗಿನ ಮಕ್ಕಳ ಬ್ಯಾಂಕು ಅದು: ಮ್ಯಾನೇಜರ್, ಕ್ಯಾಶಿಯರ್ ಎಲ್ಲರೂ ಮಕ್ಕಳೇ. 1928ರಲ್ಲೇ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಠೇವಣಿ ಶುರು ಮಾಡಿ ದಿನಕ್ಕೆ ಎರಡಾಣೆ ಉಳಿಸಲು ಕಲಿಸಿದ ಉಡುಪಿಯಲ್ಲಿ, ನಾಲ್ಕಾಣೆ ಜಮಾ ಮಾಡಿ ಪಾಸ್‌ಬುಕ್ಕಿಗೆ ರುಜು ಹಾಕಿಸಿಕೊಳ್ಳುವುದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಲೆಕ್ಕ ಒಂದು ಪೈಸೆ ತಪ್ಪಿದರೂ ತಾಳೆಯಾಗುವ ತನಕ ಮನೆಗೆ ಹೋಗುವಂತಿಲ್ಲ.

1976ರ ಡಿಸೆಂಬರಿನಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದ ಮೇಲೆ ಸಂಘದ ಮಕ್ಕಳಿಗೆ ಹೊಸ ಆಸೆ ಹುಟ್ಟಿತು. ಬಸ್ಸಿನಲ್ಲಿ ಕದ್ರಿಗೆ ಹೋಗಿ ಹಾಡಿ ಬಂದರೆ ಊರಿಡೀ ರೇಡಿಯೋದ ಮುಂದೆ ಕೂತು ಕಾಯುತ್ತಿತ್ತು.

ಸಂಘಗಳು ಸೊರಗಿದ್ದು ಒಂದೇ ದಿನದಲ್ಲಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಜಿಲ್ಲೆಗೆ ಎಷ್ಟನೇ ಸ್ಥಾನ ಎಂಬುದು ಪ್ರತಿಷ್ಠೆಯ ಪ್ರಶ್ನೆಯಾದಾಗ ಶನಿವಾರದ ಕೊನೆಯ ಪೀರಿಯಡ್ಡು ವಿಶೇಷ ತರಗತಿಯಾಯಿತು. ಶಾಲಾ ವಾಹನ ಬಂದ ಮೇಲೆ ಸಂಜೆ ಉಳಿಯುವುದು ತಪ್ಪಿತು. ಪ್ರತಿಭಾ ಕಾರಂಜಿ ಸ್ಪರ್ಧೆಯಿಂದ ಅನೇಕ ಮಕ್ಕಳು ಮುಂದೆ ಬಂದದ್ದು ನಿಜವಾದರೂ, ಅದು ಗೆಲ್ಲುವ ಒಬ್ಬನನ್ನು ತಯಾರು ಮಾಡುತ್ತದೆ. ಸಂಘದಲ್ಲಿ ತೊದಲುವವನಿಗೂ ಸರದಿ ಬರುತ್ತಿತ್ತು. ಈ ವ್ಯತ್ಯಾಸ ನನಗೆ ಸಣ್ಣದಾಗಿ ಕಾಣುವುದಿಲ್ಲ. ಸಮಾಧಾನದ ಸಂಗತಿಯೂ ಇದೆ. ಉಡುಪಿಯ ಯಕ್ಷಗಾನ ಕಲಾರಂಗದ ಬೆಂಬಲದಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಹೈಸ್ಕೂಲುಗಳಿಗೆ ಗುರುಗಳನ್ನು ಕಳಿಸಿ ಕುಣಿತ, ಮಾತು ಕಲಿಸುತ್ತಿದೆ. ಹಿಂದೆ ಗೆಜ್ಜೆ ಮುಟ್ಟದ ಹುಡುಗಿಯರು ಈಗ ವೇಷ ಕಟ್ಟಿ ರಂಗಕ್ಕೆ ಬರುತ್ತಿದ್ದಾರೆ.

ಈಗ ಆಗಬೇಕಾದ ತುರ್ತು ಕೆಲಸ ಒಂದಿದೆ. ಮಕ್ಕಳಿಲ್ಲದೆ ಕನ್ನಡ ಮಾಧ್ಯಮದ ಶಾಲೆಗಳು ಒಂದೊಂದಾಗಿ ಮುಚ್ಚುತ್ತಿವೆ. ಅವುಗಳ ಕಪಾಟಿನಲ್ಲಿ ವರದಿ ಪುಸ್ತಕಗಳು, ಹೊಲಿದ ಪತ್ರಿಕೆಗಳು, ಸಂಚಯಿಕಾದ ಲೆಜರುಗಳು ಗೆದ್ದಲಿಗೆ ಬಿದ್ದಿವೆ. ಕಟ್ಟಡ ಯಾರ ಪಾಲಿಗೆ ಎಂದು ನಿರ್ಣಯಿಸುವ ಸಭೆಯಲ್ಲೇ ಈ ಕಪಾಟಿನ ಕೀಲಿಕೈ ಯಾರಲ್ಲಿದೆ ಎಂದೂ ಕೇಳಬೇಕು. ಎಂಜಿಎಂ ಆವರಣದಲ್ಲಿ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವಿದೆ, ಪ್ರತಿ ಕಾಲೇಜಿಗೂ ಗ್ರಂಥಾಲಯವಿದೆ, ಹಳೆ ವಿದ್ಯಾರ್ಥಿ ಸಂಘಗಳ ಬಳಿ ದುಡ್ಡೂ ಸ್ಕ್ಯಾನರೂ ಇವೆ. ಈ ಮಳೆಗಾಲ ಹಿಡಿಯುವ ಮೊದಲು ಆ ಪುಸ್ತಕಗಳನ್ನು ಹೊರಗೆ ತೆಗೆದು ಒಂದು ಬಿಸಿಲು ತೋರಿಸಿದರೂ ಸಾಕು. ಪುಟ ಪುಟವಾಗಿ ನಕಲು ಮಾಡುವುದನ್ನು ಆಮೇಲೆ ನಿಧಾನವಾಗಿ ಮಾಡಬಹುದು.