ಕೋಶಪೊರೆಯ ಬಾಗು ಮತ್ತು ಪ್ರೋಟೀನುಗಳ ನೆಲೆ

ಜೀವಕೋಶವನ್ನು ಆವರಿಸಿರುವ ಪೊರೆಯು ಲಿಪಿಡ್ ಅಣುಗಳ ಎರಡು ಪದರಗಳಿಂದಾದುದು. ಅದರ ದಪ್ಪ ಕೇವಲ 4-5 ನ್ಯಾನೊಮೀಟರ್. ಕೆಲವು ಪ್ರೋಟೀನುಗಳು ಈ ಪೊರೆಯನ್ನು ಭೇದಿಸಿ ನಿಲ್ಲುವುದಿಲ್ಲ. ತಮಗೆ ಜೋಡಣೆಗೊಂಡ ಕೊಬ್ಬಿನ ಸರಪಳಿಯನ್ನು ಲಂಗರಿನಂತೆ ಅದರೊಳಗೆ ಇಳಿಬಿಟ್ಟು ನಿಲ್ಲುತ್ತವೆ. 14 ಇಂಗಾಲದ ಪರಮಾಣುಗಳುಳ್ಳ ಮಿರಿಸ್ಟಿಕ್ ಆಮ್ಲ, 16 ಪರಮಾಣುಗಳುಳ್ಳ ಪಾಮಿಟಿಕ್ ಆಮ್ಲ ಇಂಥ ಲಂಗರುಗಳಾಗುತ್ತವೆ. ಈ ಪ್ರೋಟೀನುಗಳು ಎಲ್ಲೆಡೆ ಸಮನಾಗಿ ಹರಡದೆ ಕೆಲವೆಡೆ ಮಾತ್ರ ಗುಂಪುಗೂಡುವುದೇಕೆ ಎಂಬುದನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

ಒತ್ತಾಗಿ ಕಟ್ಟಿದ ಮಲ್ಲಿಗೆಯ ದಂಡೆಯನ್ನು ನೇರವಾಗಿ ಹಿಡಿದರೆ ಹೂಗಳ ನಡುವೆ ಸಂದು ಕಾಣದು. ಅದನ್ನೇ ಬಳೆಯಂತೆ ಬಾಗಿಸಿದರೆ ಹೊರಬದಿಯ ಹೂಗಳು ಬಿಡಿಬಿಡಿಯಾಗುತ್ತವೆ. ಬಾಗಿದ ಪೊರೆಯ ಉಬ್ಬಿದ ಪದರದಲ್ಲಿಯೂ ಲಿಪಿಡ್ ಅಣುಗಳ ತಲೆಗಳು ಹೀಗೆಯೇ ದೂರ ಸರಿದು ಸಂದುಗಳಾಗುತ್ತವೆ. ಲಂಗರುಗಳು ಅಲ್ಲಿ ಸುಲಭವಾಗಿ ಇಳಿಯುತ್ತವೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ತಿಳಿದುಬಂದ ಮುಖ್ಯ ಸಂಗತಿ ಇದು: ಬಾಗು ಹೆಚ್ಚಿದಾಗ ಪ್ರತಿಯೊಂದು ನೆಲೆಯ ಹಿಡಿತ ಬಿಗಿಯಾಗುವುದಕ್ಕಿಂತ ನೆಲೆಗಳ ಸಂಖ್ಯೆಯೇ ಹೆಚ್ಚುತ್ತದೆ.

ಪೊರೆಯು ಕೋಶದೊಳಕ್ಕೆ ಗುಳಿಬಿದ್ದಾಗ ಹೊರಪದರವು ತಗ್ಗಾಗುತ್ತದೆ, ಒಳಪದರವು ಉಬ್ಬುತ್ತದೆ. ಆದುದರಿಂದ ಒಂದೇ ಗುಳಿಯು ಒಳಮುಖದ ಪ್ರೋಟೀನಿಗೆ ಅನುಕೂಲವಾಗಿ, ಹೊರಮುಖದ್ದಕ್ಕೆ ಹಾಗಾಗದಿರಬಹುದು.

ಆಕಾರವೊಂದೇ ಕಾರಣವೆಂದು ತಿಳಿಯಲಾಗದು. ಹೈದರಾಬಾದಿನ ಕೊಂಡಾಪುರದಲ್ಲಿದ್ದು ಕನ್ನಡದಲ್ಲಿ ವಿಜ್ಞಾನವನ್ನು ಚಿಂತಿಸುವ ನಮಗೆ ಈ ಚರ್ಚೆಯ ಮಹತ್ವದ ಅಧ್ಯಾಯವೊಂದು ಬೆಂಗಳೂರಿನದೆಂಬುದು ಸಂತೋಷದ ಸಂಗತಿ. ಅಲ್ಲಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ರಜತ್ ವರ್ಮಾ ಮತ್ತು ಸತ್ಯಜಿತ್ ಮೇಯರ್ ಅವರು, ಹೊರಪದರದಲ್ಲಿ ಲಂಗರು ಹಾಕಿದ ಪ್ರೋಟೀನುಗಳು ಅತಿಸೂಕ್ಷ್ಮ ಗುಂಪುಗಳಾಗಿರುವುದನ್ನು 1998ರಲ್ಲಿ ತೋರಿಸಿದರು. ಪೊರೆಯ ಕೆಳಗಿನ ಆಕ್ಟಿನ್ ತಂತುಗಳ ಚಟುವಟಿಕೆಯೂ ಈ ಗುಂಪುಗಳನ್ನು ರೂಪಿಸುತ್ತದೆಂಬುದು 2008ರ ಸಂಶೋಧನೆಯಿಂದ ಸ್ಪಷ್ಟವಾಯಿತು.

ಇದು ಬರಿಯ ಜಿಜ್ಞಾಸೆಯಲ್ಲ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನ ಬಹುಪಾಲು ಪ್ರಕರಣಗಳಲ್ಲಿ ಕೆ-ರಾಸ್ ಪ್ರೋಟೀನು ವಿಕೃತಗೊಂಡಿರುತ್ತದೆ. ಒಳಪದರಕ್ಕೆ ಲಂಗರು ಹಾಕದೆ ಅದು ಕೆಲಸ ಮಾಡಲಾರದು. ಅದಕ್ಕೆ ಫಾರ್ನೆಸಿಲ್ ಲಂಗರು ಸೇರದಂತೆ ತಡೆಯುವ ಔಷಧಗಳನ್ನು ಪ್ರಯೋಗಿಸಿದಾಗ, ಅದು ಅದೇ ಜಾತಿಯ ಇನ್ನೊಂದು ಲಂಗರನ್ನು ಪಡೆದು ಪೊರೆಯನ್ನು ಸೇರಿತು. ಲಂಗರನ್ನು ತಡೆಯುವುದರ ಜೊತೆಗೆ ಅದು ಇಳಿಯುವ ನೆಲೆಯನ್ನೂ ಅರಿಯಬೇಕಾದ ಅಗತ್ಯವನ್ನು ಈ ಸೋಲು ಮನಗಾಣಿಸುತ್ತದೆ.